ಮಂಜುಗಡ್ಡೆಯಿಲ್ಲದ ಚಳಿಯಲ್ಲೂ ಕಾಲು ಕೆಡುತ್ತದೆಯೇ? ಕೋಲ್ಡ್ ರೂಂನಲ್ಲಿ ಕೆಲಸ ಮಾಡುವವರ ಪಾದದ ಬಗ್ಗೆ

ಹೂವಿನ_ಶೆಡ್ಡು (ಚಿಕ್ಕಬಳ್ಳಾಪುರ) — ಫೆಬ್ರವರಿ 3, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಬಳ್ಳಾಪುರದ ಹತ್ತಿರ ಒಂದು ಗುಲಾಬಿ ತೋಟದ ಪ್ಯಾಕಿಂಗ್ ಶೆಡ್ಡಿನಲ್ಲಿ ನಾಲ್ಕು ವರ್ಷದಿಂದ ಗ್ರೇಡಿಂಗ್ ಕೆಲಸ ಮಾಡುತ್ತಿದ್ದೇನೆ. ತೋಟದ ಹೆಸರು ಇಲ್ಲಿ ಬೇಡ. ಫೆಬ್ರವರಿ 14ರ ಪ್ರೇಮಿಗಳ ದಿನದ ಹೂವು ಜನವರಿ ಕೊನೆಯ ವಾರದಿಂದಲೇ ಹೊರಡುವುದರಿಂದ, ಆ ಹದಿನೈದು ದಿನ ನಮಗೆ ದಿನಕ್ಕೆ ಹತ್ತು ಗಂಟೆಗೂ ಮೀರಿ ಕೆಲಸವಿರುತ್ತದೆ. ಕೋಲ್ಡ್ ರೂಂನ ಗೋಡೆಯ ಮೇಲಿನ ಮೀಟರು 3 ಡಿಗ್ರಿ ತೋರಿಸುತ್ತದೆ. ಹೂವಿನ ಬಕೆಟ್ಟುಗಳಿಂದ ಚೆಲ್ಲಿದ ನೀರು ನೆಲದ ಮೇಲೆ ಸದಾ ನಿಂತಿರುತ್ತದೆ. ನನ್ನ ಎಡಗಾಲಿನ ಗಂಬೂಟು ಹಿಮ್ಮಡಿಯ ಹತ್ತಿರ ಸೀಳಿತ್ತು. ಬೇರೆ ಕೊಡಿ ಎಂದು ಕೇಳಿದ್ದಕ್ಕೆ "ಈ ವಾರ ಮುಗಿಯಲಿ" ಎಂಬ ಉತ್ತರ ಬಂದಿತ್ತು.

ಮೊದಲ ಎರಡು ದಿನ ಕಾಲು ಕೊರೆಯುತ್ತಿತ್ತು. ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ನೋವೇ ಹೋಯಿತು, ಕಾಲಿಗೆ ಅಭ್ಯಾಸವಾಯಿತು ಎಂದುಕೊಂಡು ಸಮಾಧಾನಪಟ್ಟೆ. ನಡೆಯುವಾಗ ಮಾತ್ರ ಹತ್ತಿಯ ಮೂಟೆಯ ಮೇಲೆ ಹೆಜ್ಜೆ ಇಟ್ಟ ಹಾಗಿತ್ತು. ಮನೆಗೆ ಬಂದು ಕಾಲುಚೀಲ ತೆಗೆದರೆ ಬೆರಳುಗಳು ಬೂದಿ ಬಣ್ಣಕ್ಕೆ ತಿರುಗಿದ್ದವು, ಚೀಲದ ನೇಯ್ಗೆಯ ಗೆರೆಗಳು ಅಂಗಾಲಿನ ಮೇಲೆ ಹಾಗೇ ಅಚ್ಚೊತ್ತಿದ್ದವು, ಉಗುರಿನಿಂದ ಚಿವುಟಿದರೂ ಏನೂ ತಿಳಿಯಲಿಲ್ಲ. ಬಚ್ಚಲೊಲೆ ಉರಿಯುತ್ತಿತ್ತು; ಅದರ ಮುಂದೆ ಮಣೆ ಹಾಕಿಕೊಂಡು ಅರ್ಧ ಗಂಟೆ ಕಾಲು ಕಾಯಿಸಿದೆ. ರಾತ್ರಿ ಎರಡು ಗಂಟೆಗೆ ಎದ್ದು ಕೂತವಳು ಬೆಳಗಿನವರೆಗೆ ಮಲಗಲಿಲ್ಲ. ಗಾಯಕ್ಕೆ ಮೆಣಸಿನ ಪುಡಿ ಹಾಕಿದಂಥ ಉರಿ, ಹೊದ್ದ ರಗ್ಗಿನ ಭಾರವನ್ನೂ ತಡೆಯಲಾರದ ನೋವು. ಈಗ ಎರಡು ದಿನವಾಗಿದೆ, ಎಡಪಾದ ಬಾತುಕೊಂಡು ಬಿಸಿಯಾಗಿದೆ. ಇದೇನೆಂದು ಬಲ್ಲವರು ದಯವಿಟ್ಟು ತಿಳಿಸಿ.

ಟೊಮೆಟೊ_ಮಂಡಿ (ಕೋಲಾರ) — ರಾತ್ರಿ 10.05

ಅಕ್ಕ, ಹಿಮಗಾಯ ಆಗಬೇಕಾದರೆ ಹಿಮ ಬೀಳಬೇಕು. ನಮ್ಮ ಜಿಲ್ಲೆಗಳಲ್ಲಿ ಮಾಗಿ ಎಷ್ಟೇ ಕೊರೆದರೂ ನೀರು ಗಡ್ಡೆ ಕಟ್ಟುವುದಿಲ್ಲ, ನಿಮ್ಮ ಕೋಲ್ಡ್ ರೂಂ ಕೂಡ ಸೊನ್ನೆಗಿಂತ ಮೇಲೇ ಇದೆ. ಒದ್ದೆಯಲ್ಲಿ ನಿಂತವರಿಗೆಲ್ಲ ಬರುವ ಕೆಸರುಹುಣ್ಣು ಇದು. ಅರಿಶಿನ ಕೊಬ್ಬರಿಎಣ್ಣೆ ಹಚ್ಚಿ, ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಟ್ಟುಕೊಳ್ಳಿ, ನಾಲ್ಕು ದಿನದಲ್ಲಿ ಹೋಗುತ್ತದೆ.

ವಾರ್ಡಿನ_ಅಕ್ಕ (ಚಿಂತಾಮಣಿ) — ರಾತ್ರಿ 10.50

ಹೂವಿನ ಶೆಡ್ಡಿನ ಅಕ್ಕ, ಮುಂದಿನದನ್ನು ಓದುವ ಮೊದಲು ಇಷ್ಟು ಮಾಡಿ: ಕಾಲನ್ನು ಮತ್ತೆ ಒಲೆಯ ಮುಂದೆ ಇಡಬೇಡಿ, ಬಿಸಿನೀರಿನಲ್ಲಿ ಅದ್ದಬೇಡಿ, ಎಣ್ಣೆ ಹಚ್ಚಿ ತಿಕ್ಕಬೇಡಿ. ಪಾದವನ್ನು ಒಣಗಿಸಿ, ದಿಂಬಿನ ಮೇಲೆ ಎತ್ತಿಟ್ಟು, ಹೊದಿಕೆ ತಾಗದ ಹಾಗೆ ತೆರೆದಿಡಿ. ನಾಳೆ ಬೆಳಿಗ್ಗೆ ವೈದ್ಯರ ಹತ್ತಿರ ಹೋಗಿ. ನಾನು ದಾದಿ, ವೈದ್ಯೆಯಲ್ಲ. ಆದರೆ ನೀವು ಬರೆದ ಕ್ರಮ, ಅಂದರೆ ಮೊದಲು ಕೊರೆತ, ಆಮೇಲೆ ಮರಗಟ್ಟುವುದು, ಬೆಚ್ಚಗಾದ ಮೇಲೆ ಉರಿ ಮತ್ತು ಬಾವು, ಇದು ಹೆಪ್ಪುಗಟ್ಟದ ಶೀತಗಾಯದ ಕ್ರಮವೇ. ಟ್ರೆಂಚ್ ಫುಟ್, ಇಮ್ಮರ್ಶನ್ ಫುಟ್ ಎಂಬ ಹೆಸರುಗಳೂ ಇದಕ್ಕಿವೆ.

ಕೋಲಾರದ ಅಣ್ಣ ಹೇಳಿದ್ದರಲ್ಲಿ ಅರ್ಧ ಸರಿ. ಫ್ರಾಸ್ಟ್‌ಬೈಟ್, ಅಂದರೆ ಅವರು ಹೇಳಿದ ಹಿಮಗಾಯ, ಆಗಬೇಕಾದರೆ ಚರ್ಮದೊಳಗಿನ ನೀರೇ ಹರಳುಗಟ್ಟಬೇಕು, ಅದಕ್ಕೆ ಸೊನ್ನೆಗಿಂತ ಕೆಳಗಿನ ಚಳಿ ಬೇಕು. ಈ ಗಾಯಕ್ಕೆ ಅಷ್ಟು ಚಳಿ ಬೇಡ. ಸೊನ್ನೆಯಿಂದ ಸುಮಾರು 15 ಡಿಗ್ರಿವರೆಗಿನ ತಣ್ಣನೆಯ ಒದ್ದೆಯಲ್ಲಿ ಕಾಲು ಗಂಟೆಗಟ್ಟಲೆ, ದಿನಗಟ್ಟಲೆ ಅಲುಗಾಡದೆ ಇದ್ದರೆ ಸಾಕು. ದೇಹ ತನ್ನ ಶಾಖ ಉಳಿಸಿಕೊಳ್ಳಲು ಪಾದದ ರಕ್ತನಾಳಗಳನ್ನು ಬಿಗಿಯುತ್ತದೆ. ಆ ಬಿಗಿತ ಹೊತ್ತು ಮೀರಿದರೆ ನರಗಳಿಗೂ ಸಣ್ಣ ರಕ್ತನಾಳಗಳ ಒಳಪದರಕ್ಕೂ ಆಮ್ಲಜನಕ ಸಾಲದೆ ಅವು ಕೆಡಲು ತೊಡಗುತ್ತವೆ. ನರ ಕೆಟ್ಟಾಗ ನೋವು ನಿಲ್ಲುತ್ತದೆ, ನಮಗದು ಆರಾಮದಂತೆ ಕಾಣುತ್ತದೆ. ಮೂರನೆಯ ದಿನ ಮಧ್ಯಾಹ್ನ ನಿಮಗಾದದ್ದು ಅಭ್ಯಾಸವಲ್ಲ, ಅಕ್ಕ. ಕೆಲಸ ಬಿಟ್ಟು ಹೊರಗೆ ಬರಬೇಕಾಗಿದ್ದ ಗಳಿಗೆಯದು.

ಒಲೆ ಏಕೆ ಬೇಡವೆಂದರೆ, ಮರಗಟ್ಟಿದ ಚರ್ಮಕ್ಕೆ ಸುಡುವುದು ಗೊತ್ತಾಗುವುದಿಲ್ಲ. ಬಚ್ಚಲೊಲೆಯ ಮುಂದೆ ಬೊಬ್ಬೆ ಬರಿಸಿಕೊಂಡು ಬಂದವರನ್ನು ನಾನೇ ನೋಡಿದ್ದೇನೆ. ಅದಲ್ಲದೆ, ಬಿಸಿಯಾದ ಮಾಂಸಖಂಡ ಹೆಚ್ಚು ರಕ್ತ ಕೇಳುತ್ತದೆ, ಬಿಗಿದ ನಾಳಗಳು ಅದನ್ನು ಒದಗಿಸಲಾರವು. ಆದ್ದರಿಂದ ಮೈಯನ್ನು ಬೆಚ್ಚಗೆ ಹೊದಿಸಿ, ಕುಡಿಯಲು ಬಿಸಿಯಾಗಿ ಏನಾದರೂ ಕೊಟ್ಟು, ಪಾದ ಮಾತ್ರ ಕೋಣೆಯ ಗಾಳಿಗೆ ತಾನಾಗಿಯೇ ನಿಧಾನವಾಗಿ ಬೆಚ್ಚಗಾಗಲು ಬಿಡಬೇಕು. ಫ್ರಾಸ್ಟ್‌ಬೈಟಿನಲ್ಲಿ ಆಸ್ಪತ್ರೆಯವರು 37ರಿಂದ 39 ಡಿಗ್ರಿಯ ನೀರಿನಲ್ಲಿ ಬೇಗನೆ ಕರಗಿಸುತ್ತಾರೆ. ಎರಡು ಗಾಯಗಳಿಗೂ ಹೆಸರಿನಲ್ಲಿ ಶೀತವಿರುವುದರಿಂದ ಜನ ಒಂದರ ಉಪಚಾರವನ್ನು ಇನ್ನೊಂದಕ್ಕೆ ಮಾಡಿ ಕೆಡಿಸಿಕೊಳ್ಳುತ್ತಾರೆ.

ರೇಷ್ಮೆಗೂಡು (ಶಿಡ್ಲಘಟ್ಟ) — ಫೆಬ್ರವರಿ 4, ಬೆಳಿಗ್ಗೆ 6.15

ಅಕ್ಕನವರ ಮಾತು ಓದಿ ನಿನ್ನೆ ರಾತ್ರಿ ಒಂದು ಪರೀಕ್ಷೆ ಮಾಡಿದೆ. ನಮಗೆ ಮೂರು ಫೇಸ್ ಕರೆಂಟು ರಾತ್ರಿಯೇ ಬರುವುದರಿಂದ ಹಿಪ್ಪುನೇರಳೆಗೆ ನೀರು ಕಟ್ಟಲು ಒಂದು ಗಂಟೆಗೆ ಎದ್ದು ಹೋಗಬೇಕು. ಹುಳು ಸಾಕುವ ಮನೆಯಲ್ಲಿ ಹವೆ ನೋಡಲು ಎರಡು ಬುಡ್ಡಿಯ ಥರ್ಮಾಮೀಟರ್ ಇರುತ್ತದೆಯಲ್ಲ, ಒಂದು ಬುಡ್ಡಿ ಒಣಗಿದ್ದು, ಇನ್ನೊಂದಕ್ಕೆ ಒದ್ದೆ ಬಟ್ಟೆ ಸುತ್ತಿದ್ದು. ಅದನ್ನು ತೋಟಕ್ಕೆ ಒಯ್ದು ಬದುವಿನ ಮೇಲಿನ ಗೂಟಕ್ಕೆ ನೇತುಹಾಕಿದೆ. ಒಣ ಬುಡ್ಡಿ 14 ತೋರಿಸಿತು, ಒದ್ದೆ ಬುಡ್ಡಿ 11ಕ್ಕೆ ಇಳಿಯಿತು. ಬಟ್ಟೆಯಿಂದ ನೀರು ಆರುವಾಗ ಬುಡ್ಡಿಯ ಶಾಖವನ್ನೂ ಹೊತ್ತೊಯ್ಯುತ್ತದೆ. ಒದ್ದೆ ಕಾಲುಚೀಲ ಹಾಕಿದ ನನ್ನ ಪಾದ ಆ ಎರಡನೆಯ ಬುಡ್ಡಿಯೇ ಎಂದು ಇಪ್ಪತ್ತು ವರ್ಷ ಆ ಮೀಟರು ನೋಡಿದ ನನಗೆ ನಿನ್ನೆ ರಾತ್ರಿ ಹೊಳೆಯಿತು.

ಒಂದು ಸಂದೇಹ. ಬೋರಿನಿಂದ ಬರುವ ನೀರು ಮಾಗಿಯಲ್ಲಿ ಕೈಗೆ ಬೆಚ್ಚಗೇ ಇರುತ್ತದೆ. ಕಾಲು ಆ ನೀರಿನಲ್ಲೇ ಇದ್ದರೆ ಅಪಾಯವಿಲ್ಲವೇ?

ವಾರ್ಡಿನ_ಅಕ್ಕ (ಚಿಂತಾಮಣಿ) — ಬೆಳಿಗ್ಗೆ 7.30

ಬೆಚ್ಚನೆಯ ನೀರಿಗೂ ಅದರದೇ ಒಂದು ಕಾಯಿಲೆ ಇದೆ. ವಿಯೆಟ್ನಾಂ ಯುದ್ಧದಲ್ಲಿ ಭತ್ತದ ಗದ್ದೆಗಳಲ್ಲಿ ದಿನಗಟ್ಟಲೆ ನಡೆದ ಅಮೆರಿಕದ ಸೈನಿಕರಲ್ಲಿ ಅದು ಬಹಳ ಕಂಡುಬಂದಿತ್ತು. ಎರಡು ಮೂರು ದಿನ ಬಿಡುವಿಲ್ಲದೆ ನೆನೆದ ಅಂಗಾಲು ಬೆಳ್ಳಗೆ ಉಬ್ಬಿ ಸುಕ್ಕುಗಟ್ಟುತ್ತದೆ, ನಡೆದರೆ ಕಲ್ಲಿನ ಮೇಲೆ ಕಾಲಿಟ್ಟಂತೆ ನೋಯುತ್ತದೆ. ಒಣಗಿಸಿ ವಿಶ್ರಾಂತಿ ಕೊಟ್ಟರೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಸರಿಹೋಗುತ್ತದೆ, ಚಳಿಯ ಗಾಯದಂತೆ ನರವನ್ನು ಹಿಡಿದು ಕೂರುವುದಿಲ್ಲ. ನೀವು ಬೆಳಗಾಗುವಷ್ಟರಲ್ಲಿ ಮನೆಗೆ ಬಂದು ಕಾಲು ಒರೆಸಿಕೊಂಡು ಮಲಗುವುದರಿಂದ ಆ ಮಟ್ಟ ಮುಟ್ಟುವುದು ಅಪರೂಪ. ನಿಮ್ಮ ಎರಡು ಬುಡ್ಡಿಯ ಲೆಕ್ಕವನ್ನು ಮಾತ್ರ ಇನ್ನು ಮೇಲೆ ವಾರ್ಡಿನಲ್ಲಿ ನಾನೂ ಹೇಳುತ್ತೇನೆ.

ಮಾಜಿ_ಹವಾಲ್ದಾರ (ಗೌರಿಬಿದನೂರು) — ಬೆಳಿಗ್ಗೆ 11.20

ನಾನು ಲಡಾಖಿನಲ್ಲಿ ಎರಡು ಅವಧಿ ಕಳೆದವನು. ಅಲ್ಲಿ ಎಲ್ಲರೂ ಹೆದರುತ್ತಿದ್ದದ್ದು ಬೆರಳು ಕಪ್ಪಾಗುವ ಫ್ರಾಸ್ಟ್‌ಬೈಟಿಗೆ. ಒದ್ದೆ ಕಾಲುಚೀಲಕ್ಕೆ ಹೆದರುವುದನ್ನು ಹೊಸಬರಿಗೆ ಹೊಡೆದು ಬಡಿದು ಕಲಿಸಬೇಕಾಗುತ್ತಿತ್ತು, ಏಕೆಂದರೆ ಅದರಿಂದಾಗುವ ಹಾನಿ ಹೊರಗೆ ಕಾಣುವುದಿಲ್ಲ. ಪ್ರತಿಯೊಬ್ಬನ ಬಳಿ ಕನಿಷ್ಠ ಎರಡು ಜೊತೆ ಉಣ್ಣೆ ಚೀಲ ಇರಬೇಕು. ಒಂದು ಕಾಲಿನಲ್ಲಿದ್ದರೆ ಇನ್ನೊಂದು ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡು ಮೈಶಾಖಕ್ಕೆ ಒಣಗುತ್ತಿರಬೇಕು. ಬೂಟು ಬಿಗಿಯಾಗಿರಬಾರದು. ಚಳಿಯೆಂದು ಎರಡು ದಪ್ಪ ಚೀಲ ತುರುಕಿದರೆ ಬೂಟೇ ರಕ್ತ ತಡೆಯುತ್ತದೆ. ನಿಂತಲ್ಲೇ ಬೆರಳು ಮಡಚಿ ಬಿಚ್ಚುತ್ತಿರಬೇಕು.

ಈ ಗಾಯದ ಇತಿಹಾಸದಲ್ಲಿ ನಮ್ಮವರೂ ಇದ್ದಾರೆ. 1812ರಲ್ಲಿ ಮಾಸ್ಕೋದಿಂದ ಹಿಮ್ಮೆಟ್ಟಿದ ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಲಾರೇ, ಚಳಿಯಲ್ಲಿ ಕೆಟ್ಟ ಕಾಲನ್ನು ಬೆಂಕಿಯ ಹತ್ತಿರ ಒಯ್ದವರ ಗತಿ ಏನಾಯಿತೆಂದು ಅಂದೇ ಬರೆದಿಟ್ಟ. 1914ರ ಶರತ್ಕಾಲದಲ್ಲಿ ಮಾರ್ಸೇಲ್ಸ್ ಬಂದರಿಗೆ ಇಳಿದ ಭಾರತೀಯ ಸೈನಿಕರು ಫ್ರಾನ್ಸಿನ ಚಳಿಗೆ ಒಗ್ಗುವ ಬಟ್ಟೆಯೂ ಸಾಲದೆ, ಅಗೆದಷ್ಟೂ ನೀರು ಜಿನುಗುವ ಕಂದಕಗಳಲ್ಲಿ ಆ ಮಾಗಿ ಕಳೆದರು. ಟ್ರೆಂಚ್ ಫುಟ್, ಅಂದರೆ ಕಂದಕದ ಕಾಲು, ಎಂಬ ಹೆಸರು ಹುಟ್ಟಿದ್ದು ಆ ಮೊದಲ ಮಹಾಯುದ್ಧದಲ್ಲೇ. ಆಮೇಲೆ ಬ್ರಿಟಿಷ್ ಸೇನೆ ತಿಮಿಂಗಿಲದ ಎಣ್ಣೆ ಹಂಚಿತು, ಕಂದಕದ ತಳಕ್ಕೆ ಹಲಗೆ ಹಾಸಿತು, ಇಬ್ಬಿಬ್ಬರ ಜೋಡಿ ಮಾಡಿ ಒಬ್ಬನ ಕಾಲನ್ನು ಇನ್ನೊಬ್ಬ ದಿನವೂ ನೋಡಬೇಕೆಂದು ಆಜ್ಞೆ ಮಾಡಿತು. ಗಾಯ ಹೆಚ್ಚಿದರೆ ಆ ತುಕಡಿಯ ಅಧಿಕಾರಿ ಉತ್ತರ ಹೇಳಬೇಕಿತ್ತು. ಎಣ್ಣೆಗಿಂತ ಹೆಚ್ಚು ಕೆಲಸ ಮಾಡಿದ್ದು ಆ ಜೋಡಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಎಣ್ಣೆ ಹಚ್ಚಬೇಕಾದರೆ ಬೂಟು ಬಿಚ್ಚಲೇಬೇಕು. ಹೀಗೆ ಒಮ್ಮೆ ಕಲಿತದ್ದನ್ನು ಸೇನೆಗಳು ಮರೆಯುತ್ತವೆ ಕೂಡ. 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ನೀರು ಹೀರುವ ಬೂಟು ಹಾಕಿದ ಅದೇ ಬ್ರಿಟಿಷ್ ಸೇನೆಯಲ್ಲಿ ಇದೇ ಗಾಯ ಮತ್ತೆ ಬಹಳ ಮಂದಿಗೆ ಆಯಿತು.

ತಾಯಿ, ನಿಮ್ಮ ಶೆಡ್ಡಿನಲ್ಲೂ ಜೋಡಿ ಮಾಡಿಕೊಳ್ಳಿ. ಮರಗಟ್ಟಿದ ಕಾಲು ತನ್ನ ಯಜಮಾನನಿಗೆ ದೂರು ಹೇಳುವುದಿಲ್ಲ, ಬೇರೆ ಕಣ್ಣು ನೋಡಬೇಕು.

ತುಮಕೂರು_ಗ್ಲಾಸ್ಗೋ — ಸಂಜೆ 5.10

ನಾನು ತುಮಕೂರಿನವನು, ಗ್ಲಾಸ್ಗೋದಲ್ಲಿ ಓದುತ್ತಿದ್ದೇನೆ, ಸಂಜೆ ಸೈಕಲ್ಲಿನಲ್ಲಿ ಊಟದ ಪೊಟ್ಟಣ ತಲುಪಿಸುತ್ತೇನೆ. ಇಲ್ಲಿ ಹಿಮಕ್ಕಿಂತ ಮಳೆ ಹೆಚ್ಚು. 5 ಡಿಗ್ರಿಯ ಮಳೆಯಲ್ಲಿ ಕ್ಯಾನ್ವಾಸ್ ಶೂ ಹಾಕಿಕೊಂಡು ಆರು ಗಂಟೆ ತಿರುಗಿ ಬಂದು ರೇಡಿಯೇಟರಿನ ಮೇಲೆ ಕಾಲಿಟ್ಟವನು ನಾನೂ ಹೌದು. ನನಗೆ ಆದದ್ದು ಇಷ್ಟು ದೊಡ್ಡದಲ್ಲ. ಬೆರಳುಗಳ ಮೇಲೆ ನೇರಳೆ ಬಣ್ಣದ ಗಂಟುಗಳೆದ್ದು ಹೊದ್ದು ಮಲಗಿದೊಡನೆ ತುರಿಕೆ ಶುರುವಾಗುತ್ತಿತ್ತು. ವೈದ್ಯರು ಚಿಲ್‌ಬ್ಲೇನ್ ಎಂದರು, ಒಣಗಿರಿಸಿ ಎಂದು ಹೇಳಿ ಕಳಿಸಿದರು, ಮೂರು ವಾರದೊಳಗೆ ಹೋಯಿತು. ಊರಿಗೆ ಫೋನ್ ಮಾಡಿದರೆ ಅಮ್ಮ ಹರಳೆಣ್ಣೆ ಬಿಸಿ ಮಾಡಿ ಹಚ್ಚು ಎಂದರು. ಹಚ್ಚಿದೆ ಎಂದು ಸುಳ್ಳು ಹೇಳಿದ್ದೇನೆ.

ನನ್ನ ಕೋಣೆಯ ಗೆಳೆಯನಿಗೆ ಆದದ್ದು ಮಾತ್ರ ಹೂವಿನ ಶೆಡ್ಡಿನ ಅಕ್ಕನಿಗೆ ಆದದ್ದೇ. ಶೂ ಒಳಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಜಾಣತನ ಮಾಡಿದ್ದ. ಹೊರಗಿನ ನೀರು ನಿಂತಿತು, ಬೆವರು ಒಳಗೇ ಉಳಿದು ಚೀಲ ಹಿಂಡುವಷ್ಟು ಒದ್ದೆಯಾಯಿತು. ಒಂದು ವರ್ಷದ ಮೇಲೂ ಫ್ರಿಜ್ಜಿನ ಬಾಗಿಲು ತೆಗೆದ ಗಾಳಿ ಪಾದಕ್ಕೆ ತಾಗಿದರೆ ಅವನು ಹಿಂದೆ ಸರಿಯುತ್ತಾನೆ, ಬೇಸಿಗೆಯಲ್ಲೂ ಅವನ ಅಂಗಾಲು ಬೆವರುತ್ತದೆ.

ಟೊಮೆಟೊ_ಮಂಡಿ (ಕೋಲಾರ) — ರಾತ್ರಿ 8.30

ನನ್ನ ಮೊದಲ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಬಿಸಿನೀರಿನ ಸಲಹೆಯನ್ನು ಯಾರೂ ಪಾಲಿಸಬೇಡಿ. ಆದರೂ ಕೇಳುತ್ತೇನೆ, ವಾರ್ಡಿನ ಅಕ್ಕ. ಕೆಸರುಹುಣ್ಣು, ಚಿಲ್‌ಬ್ಲೇನ್, ಈ ಗಾಯ, ಇವನ್ನು ಮನೆಯಲ್ಲಿ ಹೇಗೆ ಬೇರೆ ಮಾಡಿ ಗುರುತಿಸುವುದು? ನಮ್ಮ ತಂದೆಗೆ ಸಕ್ಕರೆ ಕಾಯಿಲೆ, ಬೆಳಗಿನ ಜಾವ ಮಂಡಿಯ ಒದ್ದೆ ಕಲ್ಲಿನ ಮೇಲೆ ಬರಿಗಾಲಿನಲ್ಲಿ ನಿಲ್ಲುತ್ತಾರೆ.

ವಾರ್ಡಿನ_ಅಕ್ಕ (ಚಿಂತಾಮಣಿ) — ರಾತ್ರಿ 10.15

ಕೆಸರುಹುಣ್ಣು ಬೂಷ್ಟಿನಿಂದ ಬರುವುದು. ಹೆಚ್ಚಾಗಿ ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ಸಂದಿಯಲ್ಲಿ ಚರ್ಮ ಬೆಳ್ಳಗೆ ಕೊಳೆತು, ತುರಿಸಿ, ವಾಸನೆ ಬರುತ್ತದೆ. ಪಾದದ ಸ್ಪರ್ಶಜ್ಞಾನ ಮಾತ್ರ ಚೆನ್ನಾಗಿರುತ್ತದೆ. ಚಿಲ್‌ಬ್ಲೇನ್ ಚಳಿ ತಾಗಿದ ಕೆಲವು ಗಂಟೆಗಳ ನಂತರ ಬೆರಳಿನ ಮೇಲ್ಭಾಗದಲ್ಲಿ ಗಂಟುಗಂಟಾಗಿ ಏಳುತ್ತದೆ, ತುರಿಕೆ ಉರಿ ಎರಡೂ ಇರುತ್ತವೆ, ಸಾಮಾನ್ಯವಾಗಿ ಒಂದರಿಂದ ಮೂರು ವಾರದಲ್ಲಿ ಇಳಿಯುತ್ತದೆ. ಬಹಳ ಕಾಡಿದರೆ ವೈದ್ಯರು ನಿಫೆಡಿಪಿನ್ ಕೊಡುವುದುಂಟು. ಅದು ರಕ್ತದೊತ್ತಡ ಇಳಿಸುವ ಮಾತ್ರೆ, ಪಕ್ಕದ ಮನೆಯವರದನ್ನು ಕೇಳಿ ನುಂಗುವಂಥದ್ದಲ್ಲ. ತಣ್ಣೀರು ಮುಟ್ಟಿದೊಡನೆ ಬೆರಳು ಬಿಳಿಯಾಗಿ, ಆಮೇಲೆ ನೀಲಿಯಾಗಿ, ಸ್ವಲ್ಪ ಹೊತ್ತಿಗೆ ಮೊದಲಿನಂತಾದರೆ ಅದು ರೇನಾಡ್ಸ್ ಎಂಬ ಬೇರೆ ತೊಂದರೆ.

ಈ ಗಾಯದ ಗುರುತು ಸ್ಪರ್ಶಜ್ಞಾನ ಹೋಗುವುದು. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯೊಂದನ್ನು ಒಂದೊಂದು ಬೆರಳಿಗೂ ತಾಗಿಸಿ, ಯಾವುದನ್ನು ಮುಟ್ಟಿದೆ ಎಂದು ಕೇಳಿ. ಚಳಿಯಲ್ಲಿರುವಾಗ ಪಾದ ಪೇಲವ ಮತ್ತು ಮರ. ಹೊರಗೆ ಬಂದ ಮೇಲೂ ಕೆಲವು ಗಂಟೆ, ಕೆಲವೊಮ್ಮೆ ಒಂದೆರಡು ದಿನ, ತಣ್ಣಗೆ ನೀಲಿಬೂದಿಯಾಗಿ ಮಚ್ಚೆಮಚ್ಚೆಯಾಗಿರುತ್ತದೆ. ನಂತರ ಒಮ್ಮೆಗೇ ಕೆಂಪಾಗಿ, ಬಿಸಿಯಾಗಿ, ಬಾತು, ನೋಯಲು ತೊಡಗುತ್ತದೆ, ರಾತ್ರಿ ಹೆಚ್ಚು. ಈ ಹಂತ ವಾರಗಟ್ಟಲೆ ಇರಬಹುದು. ಕೊನೆಯದು ಗೆಳೆಯನ ಕಥೆಯಲ್ಲಿ ತುಮಕೂರಿನ ತಮ್ಮ ಬರೆದದ್ದು: ನೋಡಲು ಕಾಲು ಸರಿಯಾಗಿರುತ್ತದೆ, ಚಳಿ ಮಾತ್ರ ತಡೆಯುವುದಿಲ್ಲ. ಅದು ತಿಂಗಳುಗಳು, ಕೆಲವರಿಗೆ ವರ್ಷಗಳು. ಪುಸ್ತಕದ ಚಿತ್ರಗಳಲ್ಲಿ ಕಾಣುವ ಕೆಂಪು ಬಿಳಿಯರ ಚರ್ಮದ್ದು, ನಮ್ಮ ಮೈಬಣ್ಣದಲ್ಲಿ ಅದು ತಿಳಿಯದೇ ಹೋಗಬಹುದು. ಅಂಗಾಲು ಮತ್ತು ಉಗುರಿನ ಬುಡ ನೋಡಿ, ಎರಡು ಪಾದಗಳನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ. ಬ್ರಿಟಿಷ್ ಸೇನೆಯ ದಾಖಲೆಗಳಲ್ಲಿ ಆಫ್ರಿಕನ್ ಮೂಲದ ಸೈನಿಕರಿಗೆ ಈ ಗಾಯ ಬಿಳಿಯರಿಗಿಂತ ಹೆಚ್ಚು ಆಗಿರುವುದು ಕಂಡುಬಂದಿದೆ. ಕಪ್ಪು ಚರ್ಮ ಗಟ್ಟಿ ಎಂಬ ಮಾತನ್ನು ನಂಬಬೇಡಿ.

ನೋವಿಗೆ ಸಾಮಾನ್ಯ ಮಾತ್ರೆಗಳು ಅಷ್ಟಾಗಿ ತಾಗುವುದಿಲ್ಲ, ಇದು ನರದ ನೋವು. ವೈದ್ಯರು ಮೊದಲ ದಿನಗಳಲ್ಲೇ ಅಮಿಟ್ರಿಪ್ಟಿಲೀನ್‌ನಂಥ ಮಾತ್ರೆಯನ್ನು ರಾತ್ರಿಗೆ ಬರೆಯಬಹುದು. ಅದು ಮನೋರೋಗದ ಮಾತ್ರೆ ಎಂದು ಔಷಧದ ಅಂಗಡಿಯವರು ಹೇಳಿದ್ದಕ್ಕೆ ಹೆದರಿ ಬಿಟ್ಟವರಿದ್ದಾರೆ. ಚರ್ಮ ಒಡೆದಿದ್ದರೆ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ, ಬೊಬ್ಬೆಯನ್ನು ಚುಚ್ಚಬೇಡಿ. ಬೀಡಿ ಸಿಗರೇಟು ನಾಳಗಳನ್ನು ಇನ್ನಷ್ಟು ಬಿಗಿಯುತ್ತವೆ. ಕಪ್ಪಾಗುವುದು, ಕೀವು, ಜ್ವರ ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆ.

ನಿಮ್ಮ ತಂದೆಯ ವಿಷಯ, ಅಣ್ಣ, ಇವೆಲ್ಲಕ್ಕಿಂತ ತುರ್ತಿನದು. ಸಕ್ಕರೆ ಕಾಯಿಲೆಯಲ್ಲಿ ನರ ಮೊದಲೇ ಮಂಕಾಗಿರಬಹುದು, ಚಳಿಯೂ ಗೊತ್ತಾಗುವುದಿಲ್ಲ, ಮನೆಗೆ ಬಂದು ಕಾಲಿಡುವ ಬಿಸಿನೀರೂ ಗೊತ್ತಾಗುವುದಿಲ್ಲ. ಮಂಡಿಗೆ ಮುಚ್ಚಿದ, ಸಡಿಲವಾದ ಚಪ್ಪಲಿ ಹಾಕಿಸಿ, ದಿನಾ ರಾತ್ರಿ ಅಂಗಾಲನ್ನು ನೀವೇ ದೀಪದ ಬೆಳಕಿನಲ್ಲಿ ನೋಡಿ.

ಹೂವಿನ_ಶೆಡ್ಡು (ಚಿಕ್ಕಬಳ್ಳಾಪುರ) — ಫೆಬ್ರವರಿ 9, ರಾತ್ರಿ 9.15

ವೈದ್ಯರು ವಾರ್ಡಿನ ಅಕ್ಕ ಹೇಳಿದ್ದನ್ನೇ ಹೇಳಿದರು. ರಾತ್ರಿಯ ಮಾತ್ರೆಯಿಂದ ಮೂರನೆಯ ರಾತ್ರಿ ನಿದ್ದೆ ಬಂತು. ಕೆಲಸ ಏನೆಂದು ಚೀಟಿಯಲ್ಲೇ ಬರೆಸಿಕೊಂಡೆ, ಅದನ್ನು ತೋರಿಸಿ ಎರಡು ವಾರ ರಜೆ ಕೇಳಿದೆ. ಮೊದಲ ವಾರಕ್ಕೆ ಸಂಬಳ ಕೊಡುವುದಾಗಿ ಹೇಳಿದ್ದಾರೆ, ಎರಡನೆಯದಕ್ಕೆ ನೋಡೋಣ ಎಂದಿದ್ದಾರೆ. ಹಬ್ಬದ ವಾರ ಹೂವು ಸಾಗುವುದೇ ಮುಖ್ಯವಾದ ಕಡೆ ಇಷ್ಟು ಸಿಕ್ಕಿದ್ದೂ ಆಶ್ಚರ್ಯವೇ.

ಹವಾಲ್ದಾರರೇ, ನಿಮ್ಮ ಜೋಡಿಯ ಮಾತನ್ನು ಫೋನಿನಲ್ಲಿ ಹುಡುಗಿಯರಿಗೆ ಓದಿ ಹೇಳಿದೆ. ಈಗ ಕೋಲ್ಡ್ ರೂಂನಲ್ಲಿ ಒಬ್ಬರು ಮುಕ್ಕಾಲು ಗಂಟೆಗಿಂತ ಹೆಚ್ಚು ನಿಲ್ಲುವುದಿಲ್ಲ, ಹೊರಗಿನ ಗ್ರೇಡಿಂಗ್ ಮೇಜಿನವರೊಡನೆ ಬದಲಾಯಿಸಿಕೊಳ್ಳುತ್ತಾರೆ. ಊಟದ ಹೊತ್ತಿಗೆ ಎಲ್ಲರೂ ಗಂಬೂಟು ಕಳಚಿ, ಬೋರಲು ಹಾಕಿ, ಕಾಲು ಒರೆಸಿ ಚೀಲ ಬದಲಿಸುತ್ತಾರೆ. ಮೊದಲ ದಿನ ಒಬ್ಬರ ಕಾಲನ್ನು ಒಬ್ಬರು ನೋಡಲು ನಾಚಿಕೊಂಡರಂತೆ. ಎರಡನೆಯ ದಿನ ಒಬ್ಬಳ ಬಲಗಾಲಿನ ಎರಡು ಬೆರಳಿಗೆ ಹತ್ತಿ ತಾಗಿದ್ದು ತಿಳಿಯಲಿಲ್ಲ, ಅವಳನ್ನು ಅಲ್ಲಿಂದಲೇ ಮನೆಗೆ ಕಳಿಸಿದ್ದಾರೆ. ನೆಲಕ್ಕೆ ಹಾಸಲು ಹಣ್ಣಿನ ಕ್ರೇಟುಗಳನ್ನು ಬೋರಲು ಹಾಕಿಕೊಂಡಿದ್ದಾರೆ, ಹಲಗೆ ಕೇಳಿದ್ದು ಇನ್ನೂ ಬಂದಿಲ್ಲ.

ನನ್ನ ಕಾಲಿನ ಬಾವು ಇಳಿದಿದೆ. ಕಿರುಬೆರಳು ಇನ್ನೂ ಮರವೇ. ನಿನ್ನೆ ಅಂಗಳಕ್ಕೆ ನೀರು ಹಾಕುವಾಗ ಎರಡು ಹನಿ ಪಾದದ ಮೇಲೆ ಬಿದ್ದದ್ದಕ್ಕೆ ಚೊಂಬು ಕೈಬಿಟ್ಟೆ.

ಮಾಜಿ_ಹವಾಲ್ದಾರ (ಗೌರಿಬಿದನೂರು) — ರಾತ್ರಿ 9.50

ತಾಯಿ, ಮರಳಿ ಕೆಲಸಕ್ಕೆ ಹೋದಾಗ ಮೊದಲ ಕೆಲವು ತಿಂಗಳು ಕೋಲ್ಡ್ ರೂಂ ಒಳಗೆ ಹೋಗಲೇಬೇಡಿ, ಹೊರಗಿನ ಮೇಜನ್ನೇ ಕೇಳಿ. ಒಮ್ಮೆ ಕೆಟ್ಟ ಕಾಲು ಎರಡನೆಯ ಸಲ ಬೇಗ ಕೆಡುತ್ತದೆ. ಆ ಮಾತನ್ನೂ ವೈದ್ಯರ ಕೈಯಲ್ಲಿ ಚೀಟಿಯ ಮೇಲೆ ಬರೆಸಿಕೊಳ್ಳಿ. ಹೊಸ ಗಂಬೂಟು ಕೊಟ್ಟರೋ?

ಹೂವಿನ_ಶೆಡ್ಡು (ಚಿಕ್ಕಬಳ್ಳಾಪುರ) — ರಾತ್ರಿ 10.02

ಕೊಟ್ಟರು. ಒಂದು ಅಳತೆ ಚಿಕ್ಕದು. ನಾಳೆ ಬದಲಿಸಲು ಕಳಿಸುತ್ತೇನೆ.